ಮಜಬೂತ್ ಹಲ್ಲು

ನಿಜಾಮರ ಕಾಲ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಲಿಂಗಸುಗೂರಿನ ಹಲ್ಲಿನ ಡಾಕ್ಟರು ಮಾತ್ರ ಇನ್ನೂ ದರಬಾರಿಗೆ ಹೊರಟವರಂತೆ ಶೇರ್ವಾನಿ ತೊಟ್ಟೇ ನಮ್ಮ ಬಾಯಿ ನೋಡುತ್ತಿದ್ದರು. ಗಡಿಗೆ ಕೊಳ್ಳುವವರ ಹಾಗೆ ಹಲ್ಲನ್ನು ಮೂರು ಸಲ ಬಡಿದು, ಕಿವಿಗೊಟ್ಟು ಕೇಳುವುದೇ ಅವರ ಪರೀಕ್ಷೆ.

ನನ್ನ ದವಡೆ ಹಲ್ಲು ಹುಳುಕಾಗಿತ್ತು. ಕೀಳುವುದು ಬೇಡ, ಬೇರಿನ ನಾಳ ತೊಳೆದು ಬೆಳ್ಳಿ ತುಂಬುತ್ತೇನೆ ಎಂದರು. ಕಾಲಲ್ಲಿ ತುಳಿಯುವ ಯಂತ್ರದಿಂದ ಕೊರೆದರು, ಕೊರೆದೇ ಕೊರೆದರು. ಸಾಕೆಂದು ಕೈಸನ್ನೆ ಮಾಡಿದರೆ, "ತಳ ಕಾಣಬೇಕ್ರಿ, ಆವಾಗ ಮಜಬೂತ್" ಎನ್ನುತ್ತಿದ್ದರು. ಕೊನೆಗೆ ಬೆಳ್ಳಿಯ ಸುತ್ತ ಹಲ್ಲೆಂದು ಉಳಿದದ್ದು ಉಳ್ಳಾಗಡ್ಡಿ ಸಿಪ್ಪೆಯಷ್ಟು.

ವಾರದೊಳಗೆ ಮಸ್ಕಿಯ ಬೀಗರ ಮನೆಯಲ್ಲಿ ಖಡಕ್ ರೊಟ್ಟಿ ಕಡಿದೆ. ಹಲ್ಲು ಹೋಳಾಯಿತು. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಡಾಕ್ಟರ ಮುಂದೆ ಬಿಚ್ಚಿದೆ. ಅವರು ಬೆಳ್ಳಿಯ ತುಂಡನ್ನಷ್ಟೇ ಆರಿಸಿ, ತೊಳೆದು, ಬೆಳಕಿಗೆ ಹಿಡಿದರು.

"ನೋಡ್ರಿ, ಒಂದು ಗೀರು ಬಿದ್ದಿಲ್ಲ. ಮಜಬೂತ್ ಐತಿ."

"ಹಲ್ಲು ಹೋತಲ್ರೀ?"

"ಅದು ನಿಮ್ದು. ನಾ ಮಾಡಿದ್ದಲ್ಲ."

ಹಾಗೆಂದವರೇ ನನ್ನ ಬಾಯಿ ತೆರೆಸಿ, ಪಕ್ಕದ ಗಟ್ಟಿ ಹಲ್ಲನ್ನು ಮೂರು ಸಲ ಬಡಿದು ಕಿವಿಗೊಟ್ಟರು.

"ಇದೂ ಸ್ವಲ್ಪ ಕಚ್ಚಾ ಐತ್ರಿ" ಎಂದರು.