ರವಿಕೆ ಹೊಲಿದವಳ ದಾಕ್ಷಿಣ್ಯ

ಅಮೆರಿಕದ ಈ ಎವರ್‌ಗ್ರೀನ್ ಬಡಾವಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇರುವ ಸಾಲನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟುತ್ತಾರೆ ಎಂಬ ಸುದ್ದಿ ಬಂದಾಗ ನಾನು ಹೆದರಲಿಲ್ಲ. ಮೈಸೂರಿನಿಂದ ಬಂದ ಮುಸ್ಲಿಂ ಹೆಂಗಸು ನಾನು. ಇಲ್ಲಿನ ಕನ್ನಡದ ಹೆಂಗಸರ ರವಿಕೆಗಳೆಲ್ಲ ನನ್ನ ಮಿಷನ್ನಿನಲ್ಲೇ ಹೊಲಿದಂಥವು. ಯಾರ ತೋಳು ದಪ್ಪಗಾಗಿದೆ, ಯಾರು ಡಯಟು ಬಿಟ್ಟಿದ್ದಾರೆ ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇಷ್ಟು ಜನ ನನ್ನವರಿರುವಾಗ ಯಾಕೆ ಹೆದರಲಿ?

ಹೊಸ ಕಟ್ಟಡದ ಕೆಳಗೆ ಕೆಲವು ಹಳೆಯ ಅಂಗಡಿಗಳಿಗೆ ಕಡಿಮೆ ಬಾಡಿಗೆಯ ಜಾಗ ಕೊಡುತ್ತೇವೆ, ಯಾವುದು ಉಳಿಯಬೇಕೆಂದು ನೆರೆಹೊರೆಯವರೇ ಬಂದು ಹೇಳಲಿ ಎಂದು ಸಿಟಿಯವರು ಮೀಟಿಂಗು ಕರೆದರು. ನನ್ನ ಬಳಿ ಬಹಳ ದಿನದಿಂದ ಹೊಲಿಸುವ ಮಂಡ್ಯದ ಅಕ್ಕನಿಗೆ ಹೇಳಿದೆ.

"ನೀನೇನೂ ಯೋಚ್ನೆ ಮಾಡ್ಬೇಡ ಕಣಮ್ಮ, ನಾವೆಲ್ಲ ಬರ್ತೀವಿ. ಸೀರೆ ಉಟ್ಕೊಂಡೇ ಬರ್ತೀವಿ" ಎಂದರು.

ಆ ಸೀರೆಗಳಿಗೆ ರವಿಕೆಯನ್ನೂ ನಾನೇ ಹೊಲಿದುಕೊಟ್ಟೆ. ಕಾಲೇಜಿಗೆ ಹೋಗುವ ನನ್ನ ಮಗಳು ಮೀಟಿಂಗಿನಲ್ಲಿ ಮಾತಾಡಲು ನನ್ನ ಹೆಸರು ಕೊಟ್ಟು, ಕಾರಿನಲ್ಲಿ ದಾರಿಯುದ್ದಕ್ಕೂ ನಾಲ್ಕು ಇಂಗ್ಲಿಷ್ ವಾಕ್ಯ ಉರು ಹೊಡೆಸಿದಳು.

ನನ್ನ ಪಕ್ಕದ್ದು ವಿಯೆಟ್ನಾಮಿನ ಮುದುಕಿಯ ಕಾಫಿ ಅಂಗಡಿ. ಮೀಟಿಂಗಿನಲ್ಲಿ ಅವಳ ಕಡೆಯವರು ಎದ್ದು ನಿಂತು ಅವಳ ಕಾಫಿಯ ಮಾತು ಬಿಟ್ಟರೆ ಬೇರೇನೂ ಆಡಲಿಲ್ಲ. ಆಮೇಲೆ ನಮ್ಮ ಅಕ್ಕಂದಿರು ರೇಷ್ಮೆ ಸೀರೆಯಲ್ಲಿ ಸರಭರ ಮೈಕಿನ ಮುಂದೆ ಹೋದರು. ನಮ್ಮ ಸಂಸ್ಕೃತಿ, ನಮ್ಮ ಹಬ್ಬ, ಮಕ್ಕಳಿಗೆ ಭರತನಾಟ್ಯ ಕಲಿಸಲು ಜಾಗವಿಲ್ಲ, ಇಂಡಿಯನ್ನರಿಗೊಂದು ಹಾಲ್ ಬೇಕು. ಒಬ್ಬರಾದ ಮೇಲೆ ಒಬ್ಬರದು ಅದೇ ರಾಗ. ಅಧಿಕಾರಿಗಳು ತಲೆದೂಗಿದರು. ನನ್ನ ಅಂಗಡಿ ಯಾರ ಬಾಯಲ್ಲೂ ಬರಲಿಲ್ಲ.

"ಚೆನ್ನಾಗಿ ಹೇಳಿದ್ವಾ?" ಎಂದು ಮಂಡ್ಯದ ಅಕ್ಕ ಮೈಕಿನಿಂದ ವಾಪಸು ಬರುವಾಗ ನನ್ನ ಭುಜ ತಟ್ಟಿದರು. ಆ ಮುಖದಲ್ಲಿ ಮೋಸವೇನೂ ಇರಲಿಲ್ಲ. ಇಂಡಿಯನ್ ಅಂದಮೇಲೆ ಅದರಲ್ಲಿ ನಾನೂ ಬಂದೆ ಎಂದೇ ಅವರು ತಿಳಿದಿದ್ದರು.

ಕೊನೆಗೆ ನನ್ನ ಹೆಸರು ಕರೆದರು. ಉರು ಹೊಡೆದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನನ್ನ ಗಿರಾಕಿಗಳು, ನನಗಿಂತ ದೊಡ್ಡವರು, ಸಾಲಾಗಿ ಕೂತು ನನ್ನತ್ತ ನಗುತ್ತಿದ್ದರು. ಹೊರಗಿನವರ ಮುಂದೆ ಅವರ ಮಾತು ತೆಗೆದುಹಾಕಿ, ಹಾಲ್ ಬೇಡ, ನನಗೆ ಅಂಗಡಿ ಬೇಕು ಅನ್ನುವುದು ಹೇಗೆ? ಇವರೆಲ್ಲ ಹೇಳಿದ್ದನ್ನೇ ನಾನೂ ಹೇಳುತ್ತೇನೆ, ಥ್ಯಾಂಕ್ಯೂ ಅಂದು ಬಂದು ಕೂತೆ. ಅಕ್ಕಂದಿರು ಚಪ್ಪಾಳೆ ತಟ್ಟಿದರು. ಮಗಳು ತಟ್ಟಲಿಲ್ಲ. ಮನೆ ತಲುಪುವವರೆಗೂ ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಅಕ್ಕಂದಿರ ಮೇಲೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು, ಅದೂ ಬರಲಿಲ್ಲ.

ಮುದುಕಿಗೆ ಜಾಗ ಸಿಕ್ಕಿತು. ಇಂಡಿಯನ್ನರಿಗೆ ಹಾಲ್ ಸಿಕ್ಕಿತು. ನನಗೆ ಅಂಗಡಿ ಖಾಲಿ ಮಾಡಲು ಹೇಳಿದ್ದಾರೆ.

ಮೊನ್ನೆ ಮಂಡ್ಯದ ಅಕ್ಕ ಹೊಸ ರವಿಕೆ ಹೊಲಿಸಲು ಬಂದರು. ಹಾಲ್ ಸಿಕ್ಕ ಸಂತೋಷಕ್ಕೆ ಊಟವಂತೆ. ಅಳತೆಗೆ ತೋಳು ಚಾಚಿ ನಿಂತು, "ಅಲ್ಲಿ ನಿನ್ನ ಅಂಗಡಿ ನಮ್ಮ ಹಾಲ್ ಪಕ್ಕಾನೇ ತಾನೆ? ಒಳ್ಳೇದಾಯ್ತು ಬಿಡು" ಎಂದರು.

ನಾನು ಟೇಪು ಸರಿಮಾಡುವವಳಂತೆ ತಲೆ ಬಗ್ಗಿಸಿದೆ. ಹಿಂದೆ ಕೂತು ಹುಕ್ಕು ಹಾಕುತ್ತಿದ್ದ ಮಗಳು ತಲೆಯೆತ್ತಿದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ಕನ್ನಡದಲ್ಲೇ ಅಂದಳು.

"ಅಮ್ಮಿಗೆ ಅಲ್ಲಿ ಅಂಗಡಿ ಇಲ್ಲ ಆಂಟಿ. ನೀವು ಅಮ್ಮಿ ಬಗ್ಗೆ ಹೇಳೇ ಇಲ್ಲ."

ಅಕ್ಕನ ನಗು ನಿಂತುಹೋಯಿತು. "ಹೌದಾ?" ಎಂದು ನನ್ನನ್ನು ಕೇಳಿದರು.

ಹೌದು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುವುದಿಲ್ಲ. ನಾನು ಮಗಳ ಕಡೆ ತಿರುಗಿ, ಮನೆಯ ಉರ್ದು ಬಿಟ್ಟು, ಅಕ್ಕನಿಗೂ ಅರ್ಥವಾಗಲೆಂದು ಕನ್ನಡದಲ್ಲೇ ಗದರಿದೆ.

"ದೊಡ್ಡೋರ ಹತ್ರ ಹಿಂಗಾ ಮಾತಾಡೋದು? ಸಾರಿ ಕೇಳು."

ಅವಳು ಸಾರಿ ಕೇಳಿದಳು. ಕೇಳುವಾಗ ನೋಡುತ್ತಿದ್ದುದು ನನ್ನನ್ನು.