ಕ್ಲಚ್ಚಿನೊಳಗೆ ಸಿಕ್ಕಿಬಿದ್ದ ಗಾಳಿ

"ನಿನ್ ಕಾಲ್ನ ಯಾಕಮ್ಮಾ ಬೈಕೊಂತೀಯ? ಅದು ಸರಿಯಾಗೇ ಐತೆ" ಎಂದು ಜೀಪಿನ ಅಡಿಯಿಂದ ದನಿ ಬಂತು.

ಕ್ಯಾಸಂಬಳ್ಳಿಯಿಂದ ಹಾಲಿನ ಕ್ಯಾನುಗಳನ್ನು ತುಂಬಿಕೊಂಡು ಬಂದ ನಾನು ಚಿನ್ನದ ಗಣಿಯಿದ್ದ ಕೋರಮಂಡಲಿನ ಏರಿನಲ್ಲಿ ನಿಂತುಬಿಟ್ಟಿದ್ದೆ. ಹಾಲು ಒಡೆಯುವ ಹೊತ್ತಾಗುತ್ತಿತ್ತು. ನಮ್ಮ ಹಳೇ ಜೀಪಿಗೆ ಬೇರೆ ಗಾಡಿಯ ಎಂಜಿನ್ ಕೂರಿಸಿದಾಗಿನಿಂದ ಇದೇ ಗೋಳು. ಕ್ಲಚ್ ತುಳಿದರೆ ಹತ್ತಿ ತುಳಿದ ಹಾಗೆ. ಗೇರು ಕರಕರ ಎನ್ನುತ್ತದೆಯೇ ಹೊರತು ಬೀಳುವುದಿಲ್ಲ. ಎರಡು ಸಲ ಕ್ಲಚ್ ಪ್ಲೇಟ್ ಬದಲಿಸಿದ ಮೆಕ್ಯಾನಿಕ್, ಕೊನೆಗೆ ಹೆಂಗಸಿನ ಕಾಲೇ ಸರಿಯಿಲ್ಲ ಎಂದಿದ್ದ. ನಾನೂ ನಂಬಿದ್ದೆ.

ಎದುರು ಮನೆಯಿಂದ ಸ್ಪ್ಯಾನರ್ ಹಿಡಿದು ಬಂದು ಜೀಪಿನಡಿ ತೂರಿದ್ದ ಈ ಮುದುಕರು ಹಿಂದೆ ಗಣಿಯಲ್ಲಿ ಗಾಳಿ ಪೈಪುಗಳನ್ನು ನೋಡಿಕೊಳ್ಳುತ್ತಿದ್ದವರಂತೆ. ಎಂಜಿನ್ ಬದಲಿಸಿದವರು ಕ್ಲಚ್ಚಿನ ಎಣ್ಣೆ ಸಿಲಿಂಡರನ್ನು ತಲೆಕೆಳಗಾಗಿ ಕೂರಿಸಿದ್ದರು. ಗಾಳಿ ಬಿಡುವ ತಿರುಪು ಅಡಿಗೆ ಹೋಗಿ, ಎಣ್ಣೆಯಲ್ಲಿ ಸೇರಿದ ಗಾಳಿ ಮೇಲೆ ಸಿಕ್ಕಿಕೊಂಡಿತ್ತು.

"ಗಾಳಿ ಮ್ಯಾಕೇ ಓಗೋದು. ಕಂಡಿ ಕೆಳಗಿಟ್ರೆ ಅದು ಎಂಗಮ್ಮಾ ಈಚೆ ಬತ್ತದೆ?"

ಸಿಲಿಂಡರ್ ಬಿಚ್ಚಿ, ಪಿಸ್ಟನ್ ಅದುಮಿ, ತಿರುಪು ಮೇಲಾಗುವಂತೆ ಎತ್ತಿ ಹಿಡಿದರು. ನಾನು ತುಳಿದಾಗಲೆಲ್ಲ ಎಣ್ಣೆಯ ಜೊತೆ ಗುಳ್ಳೆಗಳು ಬಂದವು, ಆಮೇಲೆ ಬರೀ ಎಣ್ಣೆ. ಸಿಲಿಂಡರನ್ನು ಮತ್ತೆ ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿದಾಗ ಗೇರು ಸದ್ದಿಲ್ಲದೆ ಬಿತ್ತು.

ನಗುತ್ತಾ ಎದ್ದವರು ಬಾನೆಟ್ ಹಿಡಿದು ಕೆಮ್ಮತೊಡಗಿದರು. ಉಸಿರು ತಿರುಗಲು ಎಷ್ಟೋ ಹೊತ್ತು ಬೇಕಾಯಿತು. ಎದೆಯಲ್ಲಿ ಗಣಿಯ ದೂಳಿದೆ, ಹೊಗೆ ಸೋಕಿದರೆ ಹೀಗೇ ಎಂದರು.

ಈಗ ದಿನಾ ಅವರ ಮನೆಗೆ ಹಾಲು ಕೊಡುತ್ತೇನೆ. ಜೀಪನ್ನು ನಾಲ್ಕು ಮನೆ ಈಚೆಗೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸರಿಯಾಗೇ ಇರುವ ನನ್ನ ಕಾಲಿನಲ್ಲಿ ನಡೆದು ಹೋಗುತ್ತೇನೆ.