ಹೋಳಿಗೆ ಬಿಟ್ಟ ಹರಕೆ

ಮೂರು ತಿಂಗಳು ಸಿಹಿ ಬಿಟ್ಟು ದಿನಾ ನಡೆಯಿರಿ, ಸಕ್ಕರೆ ಇಳಿಯದಿದ್ದರೆ ಮಾತ್ರೆ ಶುರು ಎಂದು ಡಾಕ್ಟರು ಹೇಳಿದಾಗ ನಾನು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿ ಬಂದಿದ್ದೆ. ಮಾತ್ರೆ ಎಂದರೆ ನನಗೆ ಭಯ. ಅಪ್ಪ ಕೊನೆಯ ವರ್ಷಗಳಲ್ಲಿ ಊಟಕ್ಕಿಂತ ಹೆಚ್ಚು ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿದವಳು ನಾನು. ಹಾಗಾಗಿ ಹೊಸ ಶೂ ಕೊಂಡೆ. ಶಿವಮೊಗ್ಗದ ಆಲ್ಕೊಳದಲ್ಲಿರುವ ನಮ್ಮ ಮನೆಯ ಬಾಗಿಲಲ್ಲಿ ಅದು ಎರಡು ವಾರ ಹೊಸದಾಗಿಯೇ ಉಳಿಯಿತು.

ಬೆಳಗಿನ ನಿದ್ದೆಯನ್ನಾದರೂ ಗೆಲ್ಲಬಹುದು, ನೆಂಟರನ್ನು ಗೆಲ್ಲಲಾಗದು. ಡಯಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಡೆ ಬಡಿಸುವವರಿಗೆ ಹುಮ್ಮಸ್ಸು ಹೆಚ್ಚುತ್ತದೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಚಿಕ್ಕಮ್ಮನ ಸೊಸೆ, ನನ್ನ ಅತ್ತಿಗೆ, ಹೋಳಿಗೆಯ ತಟ್ಟೆ ಹಿಡಿದು ಬಂದರು. ನಾನು ಎಲೆಗೆ ಎರಡೂ ಕೈ ಅಡ್ಡ ಹಿಡಿದೆ. ಅವರು ಹೋಳಿಗೆಯನ್ನು ಕೈಗಳ ಮೇಲೆಯೇ ಹಾಕಿ, ಅದರ ಮೇಲೆ ತುಪ್ಪ ಸುರಿದರು.

"ಒಂದಕ್ಕೆ ಏನಾಗುತ್ತೆ ಮಾರಾಯ್ತಿ? ನಾಳೆ ಒಂದು ರೌಂಡ್ ಜಾಸ್ತಿ ನಡಿ."

ತುಪ್ಪ ಮೊಣಕೈ ತನಕ ಇಳಿಯಿತು, ಸಿಟ್ಟು ನೆತ್ತಿಗೇರಿತು. "ಅತ್ತಿಗೆ, ಇದು ಹರಕೆ. ಅಮ್ಮನ ಮಂಡಿನೋವು ವಾಸಿಯಾಗೋವರೆಗೆ ಸಿಹಿ ಮುಟ್ಟಲ್ಲ ಅಂತ ಹೇಳ್ಕೊಂಡಿದ್ದೀನಿ" ಎಂದುಬಿಟ್ಟೆ. ಆ ಕ್ಷಣಕ್ಕೆ ಬಾಯಿಗೆ ಬಂದ ಸುಳ್ಳು. ಅತ್ತಿಗೆಯ ಮುಖವೇ ಬದಲಾಯಿತು. "ಮೊದಲೇ ಹೇಳಬಾರದಾ? ನನಗೆ ಪಾಪ ಬರಲ್ವಾ?" ಎಂದು ಕೆನ್ನೆ ಬಡಿದುಕೊಂಡು, ಹೋಳಿಗೆಯನ್ನು ತಾವೇ ಎತ್ತಿಕೊಂಡು ಹೋದರು. ಡಾಕ್ಟರ ಮಾತಿಗಿಲ್ಲದ ಬೆಲೆ ಹರಕೆಗಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಮಂಡಿನೋವೆಂದು ಅಮ್ಮ ಊಟಕ್ಕೆ ಬಂದಿರಲಿಲ್ಲ. ಎರಡು ಬೀದಿ ಆಚೆಯ ಅವಳ ಮನೆಗೆ ಬೆಳಿಗ್ಗೆಯೇ ಹೋಗಿ, ಸಕ್ಕರೆಯ ವಿಷಯವನ್ನೂ ಹೇಳಿ ಬಂದಿದ್ದೆ. ಓಲ್ಡ್ ಟೌನಿನ ಸುದ್ದಿ ಬಸ್ಸಿಗೆ ಕಾಯುವುದಿಲ್ಲ. ನಾನು ಶಿವಮೊಗ್ಗದಲ್ಲಿ ಇಳಿಯುವಷ್ಟರಲ್ಲಿ ಫೋನು ಬಂತು.

"ನನ್ನ ಮಂಡಿಗೆ ಅಂತ ಸಿಹಿ ಬಿಟ್ಟಿದ್ದೀಯಂತೆ. ಸರಿ, ನಿನ್ನ ಶುಗರ್ ಇಳಿಯೋವರೆಗೆ ನಾನೂ ಕಾಫಿ ಬಿಟ್ಟೆ."

ಅಪ್ಪ ತೀರಿಕೊಂಡ ದಿನವೂ, ಯಾರೋ ತಂದುಕೊಟ್ಟ ಕಾಫಿ ಆರಿದೆಯೆಂದು ಬಿಸಿ ಮಾಡಿಸಿಕೊಂಡು ಕುಡಿದವಳು ಅಮ್ಮ. ಬೇಡಮ್ಮ ಎಂದು ಗೋಗರೆದೆ. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಆರಕ್ಕೇ ಮತ್ತೆ ಫೋನು. "ಕಾಫಿ ಇಲ್ಲದೆ ತಲೆ ಸಿಡೀತಿದೆ ಕಣೇ. ಎದ್ಯಾ? ನಡೆಯೋಕೆ ಹೊರಟ್ಯಾ?"

ದಿನವೂ ಇದೇ. ಮುಸುಕಿನೊಳಗಿಂದಲೇ ಹೊರಟೆ ಎನ್ನಬಹುದಿತ್ತು. ಆದರೆ ಒಂದು ಸುಳ್ಳಿಗೇ ಅಮ್ಮನ ಕಾಫಿ ಹೋಗಿತ್ತು, ಇನ್ನೊಂದಕ್ಕೆ ಏನು ಹೋಗುತ್ತದೋ ಎಂದು ಹೆದರಿ ಶೂ ಹಾಕಿದೆ. ಮೊದಲು ಸರ್ಕಲ್ಲಿನ ತನಕ, ಆಮೇಲೆ ಅದರಾಚೆಗೂ ನಡೆದೆ. ಕೋಟೆ ಕಡೆ ಸಾಮಾನಿಗೆ ಹೋದಾಗ ಬೇಕರಿಯ ಮೈಸೂರುಪಾಕಿನ ಘಮ ಮೂಗಿಗೆ ಬಡಿದರೆ, ಅಮ್ಮನ ಖಾಲಿ ಲೋಟ ಕಣ್ಣ ಮುಂದೆ ಬರುತ್ತಿತ್ತು. ಅತ್ತಿಗೆಯನ್ನು ಬೈದುಕೊಳ್ಳುತ್ತಾ ಮುಂದೆ ಹೋಗುತ್ತಿದ್ದೆ.

ಮೂರು ತಿಂಗಳಿಗೆ ಸಕ್ಕರೆ ಇಳಿಯಿತು, ಮಾತ್ರೆ ತಪ್ಪಿತು. ರಿಪೋರ್ಟ್ ಹಿಡಿದು ಭದ್ರಾವತಿ ಬಸ್ಸು ಹತ್ತಿದೆ. ಅಮ್ಮನ ಅಡುಗೆಮನೆಯಲ್ಲಿ ನಿಂತೇ ಎಲ್ಲ ಒಪ್ಪಿಕೊಂಡೆ. ಯಾವ ದೇವರಿಗೂ ಏನೂ ಹೇಳಿಕೊಂಡಿರಲಿಲ್ಲ, ಹೋಳಿಗೆ ತಪ್ಪಿಸಿಕೊಳ್ಳಲು ನಿನ್ನ ಮಂಡಿಯನ್ನು ನಡುವೆ ಎಳೆದು ತಂದೆ ಎಂದೆ. ಹೇಳುತ್ತಾ ಅಳುವೇ ಬಂತು.

ಅಮ್ಮ ಹಾಲು ಒಲೆಗಿಟ್ಟಳು. "ಅವತ್ತೇ ಗೊತ್ತಿತ್ತು. ನೈವೇದ್ಯಕ್ಕೆ ಮುಂಚೆನೇ ಪಾಯಸದ ದ್ರಾಕ್ಷಿ ಆರಿಸಿ ತಿಂತಿದ್ದೋಳು, ನೀನು ಹರಕೆ ಹೊರ್ತೀಯಾ?"

"ಮತ್ತೆ ಕಾಫಿ ಯಾಕಮ್ಮ ಬಿಟ್ಟೆ?"

"ದೇವರಿಗೆ ನೀನು ಹೆದರಲ್ಲ. ನನ್ನ ತಲೆನೋವಿಗೆ ಹೆದರ್ತೀಯ."

ಎರಡು ಲೋಟ ಕಾಫಿ ಬಂತು. ಎರಡೂವರೆ ತಿಂಗಳ ನಂತರದ ಮೊದಲ ಗುಟುಕನ್ನು ಅಮ್ಮ ಕಣ್ಣು ಮುಚ್ಚಿ ಕುಡಿದಳು. ನನ್ನ ಲೋಟದಲ್ಲಿ ಸಕ್ಕರೆ ಇರಲಿಲ್ಲ. ಇವತ್ತೊಂದು ದಿನ ಎಂದು ಡಬ್ಬಿಗೆ ಕೈ ಚಾಚಿದೆ. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನ್ನ ಹರಕೆ ತೀರ್ತು. ನಿಂದು ಹೇಗೆ ತೀರುತ್ತೆ? ಮಂಡಿ ಇನ್ನೂ ನೋಯ್ತಾನೇ ಇದೆ."